ಹಸಿರು ಸೀರೆ ಉಟ್ಟ ಹುಡುಗಿ

ಪಂಜದ ಪೇಟೆಯಲ್ಲಿರುವ ನನ್ನ ಅಂಗಡಿಯ ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಶನ್, ಡಿ.ಟಿ.ಪಿ., ಪಾಸ್‌ಪೋರ್ಟ್ ಫೋಟೋ ಎಂದೆಲ್ಲ ಬರೆದಿದೆ. ಬರೆಯದೆ ಬಿಟ್ಟ ಕೆಲಸ ಒಂದಿದೆ. ಸತ್ತವರ ಫೋಟೋ ಮಾಡಿಕೊಡುವುದು. ಅದನ್ನು ಬೋರ್ಡಿನಲ್ಲಿ ಬರೆಯುವುದು ಹೇಗೆ ಎಂದು ಗೊತ್ತಾಗದೆ ಬಿಟ್ಟೆ, ಬರೆಯುವ ಅಗತ್ಯವೂ ಬೀಳಲಿಲ್ಲ.

ಊರಿನಲ್ಲಿ ಬೆಳಿಗ್ಗೆ ಯಾರಾದರೂ ತೀರಿಕೊಂಡರೆ ಮಧ್ಯಾಹ್ನದೊಳಗೆ ಅವರ ಕಡೆಯವರೊಬ್ಬರು ಮೊಬೈಲ್ ಹಿಡಿದುಕೊಂಡು ನನ್ನ ಕೌಂಟರಿನ ಎದುರು ನಿಂತಿರುತ್ತಾರೆ. ಮೊಬೈಲಿನಲ್ಲಿ ಯಾರದೋ ಮದುವೆಯ ಗ್ರೂಪ್ ಫೋಟೋ. ಸತ್ತವರು ಹಿಂದಿನ ಸಾಲಿನಲ್ಲಿ, ಅರ್ಧ ಮೈ ಇನ್ನೊಬ್ಬರ ಬೆನ್ನ ಹಿಂದೆ. "ಇದರಲ್ಲಿ ಒಂದು ಒಳ್ಳೆದು ಮಾಡಿ ಕೊಡಿ ಅಕ್ಕ, ಫ್ಲೆಕ್ಸಿಗೆ" ಎನ್ನುತ್ತಾರೆ. ನಾನು ತಲೆಯನ್ನು ಕತ್ತರಿಸಿ ತೆಗೆದು ಬೇರೊಂದು ಮೈಗೆ ಕೂರಿಸುತ್ತೇನೆ. ನನ್ನ ಕಂಪ್ಯೂಟರಿನಲ್ಲಿ 'ಮೈ' ಎಂದೇ ಒಂದು ಫೋಲ್ಡರ್ ಇದೆ. ಅದರ ತುಂಬ ತಲೆಯಿಲ್ಲದ ಕೋಟುಗಳು, ತಲೆಯಿಲ್ಲದ ಬಿಳಿ ಅಂಗಿಗಳು, ತಲೆಯಿಲ್ಲದ ರೇಷ್ಮೆ ಸೀರೆಗಳು. ಸೊಂಟಕ್ಕೊಂದು ಮುಂಡು, ಹೆಗಲಿಗೊಂದು ಬೈರಾಸು, ಇಷ್ಟರಲ್ಲೇ ಬದುಕು ಮುಗಿಸಿದ ಮುದುಕನೊಬ್ಬನಿಗೆ ಅವನ ಮಕ್ಕಳು ಕೋಟು ಹಾಕಿಸಿದ್ದರು. ಅದನ್ನು ನೋಡಿ ಅವನ ಹೆಂಡತಿ ಅಳುವುದರ ನಡುವೆಯೇ ನಕ್ಕದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಎಲ್ಲರೂ ಹೇಳುವ ಮಾತು ಒಂದೇ, "ಸ್ವಲ್ಪ ಬೆಳ್ಳಗೆ ಮಾಡಿ." ಸತ್ತ ಎಮ್ಮೆಗೆ ಹಾಲು ಹೆಚ್ಚು ಅಂತ ಗಾದೆ. ನನ್ನ ಅಂಗಡಿಯಲ್ಲಿ ಸತ್ತವರಿಗೆ ಬಣ್ಣವೂ ಹೆಚ್ಚು. ಮೊದಮೊದಲು ನಾನು ಚರ್ಚೆ ಮಾಡುತ್ತಿದ್ದೆ. ಅವರು ಇದ್ದದ್ದೇ ಹೀಗಲ್ಲವಾ ಮಾರಾಯ್ರೆ ಎಂದರೆ, "ಇದ್ದದ್ದು ನಮಗೆ ಗೊತ್ತುಂಟಲ್ಲ, ನೋಡುವವರಿಗೆ ಚಂದ ಕಾಣ್ಬೇಕಲ್ಲ" ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಿದ್ದರು. ಆಮೇಲೆ ನಾನೂ ಚರ್ಚೆ ಬಿಟ್ಟು, ಹೇಳುವ ಮೊದಲೇ ಬಿಳಿ ಮಾಡತೊಡಗಿದೆ. ಡಿಸೈನನ್ನು ಪುತ್ತೂರಿಗೆ ಕಳಿಸಿದರೆ ಸಂಜೆಯ ಬಸ್ಸಿನಲ್ಲಿ ಫ್ಲೆಕ್ಸ್ ಬರುತ್ತದೆ. ಮರುದಿನ ಬೆಳಿಗ್ಗೆ ಜಂಕ್ಷನ್ನಿನಲ್ಲಿ ಊರವರೆಲ್ಲ ನಿಂತು ಅದನ್ನು ನೋಡುತ್ತಾರೆ.

ಈ ಕೆಲಸವೆಲ್ಲ ನಡೆಯುತ್ತಿದ್ದದ್ದು ಒಂದು ಹಳೆಯ ಡೆಸ್ಕ್‌ಟಾಪಿನಲ್ಲಿ. ಅದು ನನ್ನ ಕಂಪ್ಯೂಟರ್ ಎಂದು ನಾನು ತಿಳಿದುಕೊಂಡಿದ್ದೆ. ಊರವರು ಹಾಗೆ ತಿಳಿದಿರಲಿಲ್ಲ. ಅವರ ಪಾಲಿಗೆ ಅದು ಊರಿನ ಕಪಾಟು. ಆಧಾರಿನ ಪ್ರತಿ, ಜಾತಿ ಸರ್ಟಿಫಿಕೇಟು, ಮಗುವಿನ ತೊಟ್ಟಿಲಿನ ಫೋಟೋ, ಗೃಹಪ್ರವೇಶದ ಕಾಗದ, ಎಲ್ಲವೂ ಅದರೊಳಗೆ. "ಪೆನ್‌ಡ್ರೈವಿಗೆ ಹಾಕಿ ಕೊಡ್ಲಾ?" ಎಂದು ಕೇಳಿದರೆ, "ನಮ್ಮಲ್ಲಿ ಎಲ್ಲಿ ಇಡುದು, ನಿಮ್ಮಲ್ಲಿ ಉಂಟಲ್ಲ" ಎನ್ನುತ್ತಿದ್ದರು. ಈ ನಂಬಿಕೆಗೆ ನಾನು ಒಳಗೊಳಗೆ ಹಿಗ್ಗುತ್ತಿದ್ದೆ. ಅದರ ಭಾರ ಎಷ್ಟು ಎಂದು ತೂಗಿ ನೋಡಿರಲಿಲ್ಲ.

ಈ ಸಲ ಬೇಸಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಗುಡುಗು ಶುರುವಾಯಿತು. ನಮ್ಮ ಕಡೆ ಗುಡುಗಿನ ಸದ್ದು ಕೇಳಿದ ಕೂಡಲೆ ಮಿಕ್ಸಿಯಿಂದ ಹಿಡಿದು ಟಿ.ವಿ.ವರೆಗೆ ಎಲ್ಲದರ ವಯರು ಕಳಚುವುದು ಕ್ರಮ. ನಾನು ಎದ್ದು ಕಳಚುವುದರೊಳಗೆ ಸಿಡಿಲು ತನ್ನ ಕೆಲಸ ಮುಗಿಸಿತ್ತು. ಡೆಸ್ಕ್‌ಟಾಪನ್ನು ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಪುತ್ತೂರಿಗೆ ಒಯ್ದೆ. ರಿಪೇರಿಯವರು ಒಂದೆರಡು ಭಾಗ ಬದಲಿಸಿ ಜೀವ ಕೊಟ್ಟರು. ಆದರೆ ಒಳಗಿನಿಂದ ಟಕ್ ಟಕ್ ಎಂದು ಒಂದು ಸದ್ದು ಬರತೊಡಗಿತ್ತು. ಅವರು ಕಿವಿಯಿಟ್ಟು ಕೇಳಿ ತಲೆ ಅಲ್ಲಾಡಿಸಿದರು.

"ಹಾರ್ಡ್‌ಡಿಸ್ಕ್ ಹೋಗ್ತಾ ಉಂಟು ಮಾರಾಯ್ರೆ. ಬೇಗ ಒಂದು ಲ್ಯಾಪ್‌ಟಾಪಿಗೆ ತೆಗೆಯುವಷ್ಟು ತೆಗೀರಿ. ಊರಿಗೆ ಹೋಗಿ ಒಮ್ಮೆ ಆನ್ ಮಾಡಿದ್ರೆ ಮತ್ತೆ ಆಫ್ ಮಾಡ್ಬೇಡಿ. ಪುನಃ ಏಳ್ತದಾ ಇಲ್ವಾ ಹೇಳ್ಲಿಕ್ಕೆ ಆಗುದಿಲ್ಲ."

ಹಾಗೆ ಲ್ಯಾಪ್‌ಟಾಪ್ ಬಂತು. ಡೆಸ್ಕ್‌ಟಾಪಿನ ಪಕ್ಕದಲ್ಲೇ ಅದನ್ನಿಟ್ಟು, ನಡುವೆ ಒಂದು ವಯರು ಸಿಕ್ಕಿಸಿ, ಫೈಲುಗಳನ್ನು ದಾಟಿಸಲು ಕುಳಿತೆ. ಕೂತ ಮೇಲೆ ನನ್ನ ಅವ್ಯವಸ್ಥೆಯ ಮೇಲೆ ನನಗೇ ಸಿಟ್ಟು ಬಂತು. 'ಹೊಸತು', 'ಹೊಸತು ಕೊನೆ', 'ಕೊನೆಯ ಕೊನೆ' ಎಂಬ ಹೆಸರಿನ ಫೋಲ್ಡರುಗಳು. ಒಂದರಲ್ಲಿ ಮದುವೆ ಕಾಗದದ ಜೊತೆ ಉತ್ತರಕ್ರಿಯೆಯ ಕಾಗದ. ಯಾವುದು ಮುಖ್ಯ, ಯಾವುದು ಬಿಟ್ಟರೆ ನಡೆದೀತು ಎಂದು ವಿಂಗಡಿಸುವಷ್ಟು ವ್ಯವಧಾನ ಆ ಟಕ್ ಟಕ್ ಸದ್ದು ಕೊಡುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ದಾಟಿಸುತ್ತ ಹೋದೆ. ಪಾಸ್‌ಪೋರ್ಟ್ ಫೋಟೋಗಳು ಸಲೀಸಾಗಿ ಬಂದವು. 'ಮೈ' ಫೋಲ್ಡರ್ ಕೂಡ ಬಂತು. 'ಶ್ರದ್ಧಾಂಜಲಿ' ಫೋಲ್ಡರಿಗೆ ಬಂದಾಗ ಎಷ್ಟು ದಾಟಿತೆಂದು ತೋರಿಸುವ ಹಸಿರು ಗೆರೆ ಅರ್ಧದಲ್ಲಿ ನಿಂತಿತು. ಈ ಫೈಲನ್ನು ಓದಲಾಗುತ್ತಿಲ್ಲ, ಪುನಃ ನೋಡಲೇ, ಬಿಟ್ಟುಬಿಡಲೇ ಎಂದು ಕೇಳಿತು. ಪುನಃ ನೋಡು ಎಂದೆ. ಹತ್ತಾರು ಸಲ ಹೇಳಿದೆ. ಅದಕ್ಕೂ ಸಾಕಾಯಿತು, ನನಗೂ ಸಾಕಾಯಿತು.

ಹಾಗೆ ಕೂತಿರುವಾಗಲೇ ಆ ತಾಯಿ ಬಂದರು.

ಅವರು ರಬ್ಬರ್ ತೋಟದ ಕಾಲನಿಯವರು, ಮರ ಗೀರಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ. ಅವರ ಹಿರಿಯರು ಸಿಲೋನಿನಿಂದ ಬಂದು ಇಲ್ಲಿನ ರಬ್ಬರ್ ತೋಟಗಳಲ್ಲಿ ನೆಲೆ ನಿಂತವರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಆದರೂ ಅಕ್ಕ ಎನ್ನುತ್ತಾರೆ. ಕೌಂಟರಿನ ಈಚೆ ಕೂತ ಹೆಂಗಸು ಇಲ್ಲಿ ಎಲ್ಲರಿಗೂ ಅಕ್ಕನೇ. ಅವರ ಒಬ್ಬಳೇ ಮಗಳು ಎಂಟು ವರ್ಷದ ಹಿಂದೆ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು, ರಿಸಲ್ಟ್ ಬರುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು. ಮಂಗಳೂರಿಗೆ ಒಯ್ಯುವ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಹೋದಳಂತೆ. ಆಗ ಅವರ ಮನೆಯಲ್ಲಿ ಫೋಟೋ ತೆಗೆಯುವ ಮೊಬೈಲ್ ಇರಲಿಲ್ಲ. ಇದ್ದದ್ದು ಪರೀಕ್ಷೆಗೆಂದು ನನ್ನ ಅಂಗಡಿಯಲ್ಲಿ ತೆಗೆಸಿದ ಪಾಸ್‌ಪೋರ್ಟ್ ಫೋಟೋ ಒಂದೇ. ಅದರ ಪ್ರತಿಗಳೆಲ್ಲ ಶಾಲೆಗೆ ಹೋಗಿದ್ದವು, ನನ್ನ ಕಂಪ್ಯೂಟರಿನಲ್ಲಿದ್ದ ಮೂಲದಿಂದಲೇ ನಾನು ಫ್ಲೆಕ್ಸಿನ ಫೋಟೋ ಮಾಡಿದ್ದೆ. ತಾಯಿ ಆಗ ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಬಂದದ್ದು ಹುಡುಗಿಯ ಸೋದರಮಾವ. "ಇನ್ನು ಎರಡು ವರ್ಷ ಆಗಿದ್ರೆ ಮದುವೆಯ ಪ್ರಾಯ. ಯೂನಿಫಾರ್ಮ್ ಬೇಡ, ಸೀರೆಯಲ್ಲಿ ಇರ್ಲಿ" ಎಂದರು. ಸೀರೆಯನ್ನೇ ಉಡದೆ ಹೋದ ಮಗುವಿಗೆ ಹಸಿರು ರೇಷ್ಮೆ ಸೀರೆ ಉಡಿಸಿ, ಕಿವಿಗೆ ಜುಮುಕಿ, ಹಣೆಗೆ ಬೊಟ್ಟು ಇಟ್ಟು, ಮೊಡವೆ ಅಳಿಸಿ, ಬಿಳಿ ಮಾಡಿ ಕೊಟ್ಟೆ.

ಅಂದಿನಿಂದ ಪ್ರತಿ ವರ್ಷ ಮಗಳು ತೀರಿಕೊಂಡ ದಿನದ ಮುಂಚಿನ ದಿನ ಈ ತಾಯಿ ಬಂದು ಅದೇ ಫೋಟೋದ ಹೊಸ ಪ್ರತಿ ಒಯ್ಯುತ್ತಿದ್ದರು. ಕಾಲನಿಯ ಮನೆಯ ಗೋಡೆಗೆ ಥಂಡಿ ಹಿಡಿದು ಲ್ಯಾಮಿನೇಶನ್ನಿನ ಒಳಗೂ ಬಿಳಿ ಬೂಸ್ಟು ಬರುತ್ತದೆ. ವರ್ಷ ತಿರುಗುವಾಗ ಮುಖ ಅರ್ಧ ಹೋಗಿರುತ್ತದೆ. ಸತ್ತವರ ಫೋಟೋವನ್ನು ಕಸಕ್ಕೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ಅವರು ಹೊಳೆಗೆ ಬಿಡುತ್ತಿದ್ದರು.

ಅಂದು ಸ್ಟೂಲಿನ ಮೇಲೆ ಕೂತವರೇ ಸೆರಗಿನಲ್ಲಿ ಬೆವರೊರೆಸಿಕೊಂಡು, "ನಾಳೆ ಎಡೆ ಇಡುದು ಅಕ್ಕ. ಒಂದು ತೆಗೆದು ಕೊಡಿ" ಎಂದರು.

ಆ ಫೋಟೋ ಇದ್ದದ್ದು 'ಶ್ರದ್ಧಾಂಜಲಿ' ಫೋಲ್ಡರಿನಲ್ಲೇ. "ಹಳೆಯ ಫೋಟೋ ಉಂಟಾ ಅಮ್ಮ, ಕೈಯಲ್ಲಿ?"

"ಇಲ್ಲ. ಬರುವಾಗಲೇ ಹೊಳೆಗೆ ಬಿಟ್ಟು ಬಂದೆ. ನಿಮ್ಮಲ್ಲಿ ಉಂಟಲ್ಲ."

ಅವರಿಗೆ ಏನೆಂದು ಹೇಳಲಿ? ಹೊಸದು ಕೈಗೆ ಸಿಗುವ ಮೊದಲೇ ಹಳೆಯದನ್ನು ನೀರಿಗೆ ಬಿಡುವಷ್ಟು ನನ್ನನ್ನು ನಂಬಿದ್ದರು. ಸಿಟ್ಟು ಬಂತು, ಅವರ ಮೇಲಲ್ಲ, ನನ್ನ ಮೇಲೂ ಅಲ್ಲ, ಆ ಸಿಡಿಲಿನ ಮೇಲೆ ಎನ್ನಬೇಕು. ಕಂಪ್ಯೂಟರಿಗೆ ಹುಷಾರಿಲ್ಲ ಅಮ್ಮ, ನೋಡುವ ಎಂದು ಹೇಳಿ ಪುನಃ ಆ ಫೋಲ್ಡರಿಗೆ ಕೈ ಹಾಕಿದೆ. ಟಕ್ ಟಕ್ ಸದ್ದು ಒಮ್ಮೆ ಜೋರಾಯಿತು. ಪರದೆ ನೀಲಿಯಾಯಿತು, ಕಪ್ಪಾಯಿತು. ಆಮೇಲೆ ಸದ್ದೂ ನಿಂತಿತು. ಸ್ವಿಚ್ ಒತ್ತಿದೆ, ಒತ್ತಿದೆ, ಪೆಟ್ಟಿಗೆಯ ಬದಿಗೆ ಕೈಯಿಂದ ಬಡಿದೂ ನೋಡಿದೆ. ಏಳಲಿಲ್ಲ.

ಪುತ್ತೂರಿನ ಫ್ಲೆಕ್ಸಿನವರಿಗೆ ಫೋನ್ ಮಾಡಿದೆ. ಪ್ರಿಂಟ್ ಆದ ಮೇಲೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ ಎಂದರು. ಅಂದಿನ ಫ್ಲೆಕ್ಸ್ ಏನಾಯಿತು ಎಂದು ತಾಯಿಯನ್ನು ಕೇಳಿದೆ. ಕಟ್ಟಿಗೆಗೆ ಮುಚ್ಚಿದ್ದರಂತೆ, ಬಿಸಿಲಿಗೆ ಹರಿದು ಹೋಯಿತಂತೆ. ಅಷ್ಟು ಕೇಳುವಾಗ ಅವರಿಗೂ ವಿಷಯ ಅಂದಾಜಾಯಿತು.

"ಹೋಯಿತಾ ಅಕ್ಕ?" ಎಂದರು. ಅಳಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತಿದ್ದರು. "ನಾಳೆ ಯಾರ ಮುಂದೆ ಎಡೆ ಇಡುದು?"

ಆಗ ನನಗೆ ನೆನಪಾದದ್ದು ಪಾಸ್‌ಪೋರ್ಟ್ ಫೋಟೋಗಳು. ಅವು ಲ್ಯಾಪ್‌ಟಾಪಿಗೆ ಬಂದಿದ್ದವು. ಅಲ್ಲಿ ಅವಳ ಮೂಲ ಫೋಟೋ ಇರಲೇಬೇಕು. ಜೀವ ಬಂದ ಹಾಗಾಯಿತು. "ಹೆದರ್ಬೇಡಿ ಅಮ್ಮ, ಉಂಟು. ಆದ್ರೆ ಹುಡುಕ್ಬೇಕು. ನೀವೂ ಈಚೆ ಬನ್ನಿ" ಎಂದು ಸ್ಟೂಲನ್ನು ಲ್ಯಾಪ್‌ಟಾಪಿನ ಎದುರಿಗೆ ಎಳೆದೆ. ಫೈಲಿಗೆ ಹೆಸರಿಡುವ ಅಭ್ಯಾಸ ನನಗಿರಲಿಲ್ಲ. ಎಲ್ಲವೂ ಬರೀ ನಂಬರು. ಮುಖ ನೋಡಿಯೇ ಹುಡುಕಬೇಕು.

ಒಂದೊಂದು ಫೋಟೋವನ್ನು ದೊಡ್ಡದು ಮಾಡಿ ತೋರಿಸುತ್ತ ಹೋದೆ. ತಾಯಿಯ ಕಣ್ಣು ಚುರುಕು. ಬೆಳಗಾಗುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಮರದ ಸಿಪ್ಪೆಯ ಮೇಲೆ ಕತ್ತಿಯಿಂದ ಗೆರೆ ಎಳೆಯುವ ಕಣ್ಣು ಅದು. ನನಗೇ ಗುರುತು ಸಿಗದವರನ್ನು ಅವರು ಥಟ್ಟನೆ ಹೇಳುತ್ತಿದ್ದರು. "ಇದು ಪೋಸ್ಟಿನವರಲ್ವಾ, ತಲೆಯಲ್ಲಿ ಕೂದಲು ಇರುವಾಗ." "ಇದು ಕೊಲ್ಲಮೊಗ್ರಿನ ಹೆಂಗಸು, ಆನೆ ಬಂದು ಬಾಳೆ ಎಲ್ಲ ತಿಂದದ್ದು ಅವರದ್ದೇ." "ಅಯ್ಯೋ, ಇವರು ಹೋದ್ರಲ್ಲ ಅಕ್ಕ." ಊರಿಗೆ ಊರೇ ನಮ್ಮೆದುರು ಹಾದುಹೋಗುತ್ತಿತ್ತು. ಇದ್ದವರು, ಇಲ್ಲದವರು, ಗಲ್ಫಿಗೆ ಹೋದವರು, ಎಲ್ಲರೂ ನೀಲಿ ಬಟ್ಟೆಯ ಎದುರು ಉಸಿರು ಬಿಗಿ ಹಿಡಿದು ಕೂತವರೇ. ಅಷ್ಟು ಹೊತ್ತಿಗೆ ನನ್ನ ಅವಸರ ಸ್ವಲ್ಪ ಇಳಿದಿತ್ತು. ಸಿಕ್ಕಿಯೇ ಸಿಗುತ್ತದೆ ಎಂಬ ಧೈರ್ಯ ಬಂದಿತ್ತು.

ಹೈಸ್ಕೂಲಿನ ಮಕ್ಕಳ ಸಾಲು ಶುರುವಾಯಿತು. ಪರೀಕ್ಷೆಗೆ ಫೋಟೋ ಬೇಕೆಂದು ಒಂದೇ ದಿನ ಬಂದು ತೆಗೆಸಿಕೊಂಡವರು. ಎಲ್ಲರಿಗೂ ಒಂದೇ ಯೂನಿಫಾರ್ಮ್, ಮಡಚಿ ಕಟ್ಟಿದ ಎರಡೆರಡು ಜಡೆ. ತಾಯಿ ಮುಂದಕ್ಕೆ ಬಾಗಿ ಕೂತರು.

"ಇವಳು ನಮ್ಮ ಲೈನ್ ಮನೆಗಳ ಸಾಲಿನ ಕೊನೆಯ ಮನೆಯವಳು. ನನ್ನ ಮಗಳ ಗೆಳತಿ. ಈಗ ಕಡಬದಲ್ಲಿ, ಮಗು ಉಂಟು" ಎಂದರು. "ಇವರಿಬ್ಬರು ಒಟ್ಟಿಗೇ ಬಂದದ್ದು ಅಕ್ಕ, ಫೋಟೋ ತೆಗೆಸ್ಲಿಕ್ಕೆ. ಇನ್ನು ಬರ್ಬೇಕು."

ನಾನು ಮುಂದಿನ ಫೋಟೋ ಒತ್ತಿದೆ.

ಅವಳೇ. ನನಗೆ ಕ್ಷಣದಲ್ಲಿ ಗೊತ್ತಾಯಿತು. ಅವಳ ಮುಖದ ಮೇಲೆ ಅರ್ಧ ದಿನ ಕೆಲಸ ಮಾಡಿದವಳು ನಾನು. ಎಣ್ಣೆ ಮಿಂಚುವ ಕಪ್ಪು ಹಣೆ, ಗಲ್ಲದಲ್ಲಿ ಮೊಡವೆ, ಕಿವಿಯಲ್ಲಿ ಓಲೆಯ ಬದಲು ಕಡ್ಡಿ. ಬಾಯಿ ಸ್ವಲ್ಪ ತೆರೆದಿದೆ, ಏನೋ ಕೇಳಲು ಹೊರಟವಳ ಹಾಗೆ. ನಾನು ತಾಯಿಯ ಕಡೆ ತಿರುಗದೆ ಅವರ ಸ್ವರಕ್ಕಾಗಿ ಕಾದೆ. ಕೂಗಿಬಿಡುತ್ತಾರೇನೋ, ಹೇಗೆ ಸಮಾಧಾನ ಮಾಡುವುದು ಎಂದು ಮನಸ್ಸಿನಲ್ಲಿ ತಯಾರಾಗುತ್ತಿದ್ದೆ.

"ಮುಂದಿನದ್ದು ಹಾಕಿ ಅಕ್ಕ" ಎಂದರು.

ನಾನು ಫೋಟೋವನ್ನು ಇನ್ನೂ ದೊಡ್ಡದು ಮಾಡಿದೆ. "ಇದನ್ನು ಸರಿ ನೋಡಿ ಅಮ್ಮ" ಎಂದೆ.

ನೋಡಿದರು. ಚೆನ್ನಾಗಿಯೇ ನೋಡಿದರು. "ಯಾರಿದು? ಪಾಪ, ಹೆದರಿ ಕೂತದ್ದು ನೋಡಿ."

"ನಿಮ್ಮ ಕಾಲನಿಯದ್ದೇ ಇರ್ಬೇಕು."

"ನಮ್ಮಲ್ಲಿಯದ್ದಾ? ನನಗೆ ಗುರ್ತ ಸಿಗುದಿಲ್ಲ."

ನಾನು ಮುಂದಿನದನ್ನು ಹಾಕಿದೆ. ಅದರ ಮುಂದಿನದನ್ನೂ ಹಾಕಿದೆ. ಆ ಸಾಲು ಮುಗಿದು ಬೇರೆ ಯಾರದೋ ಮುಖಗಳು ಬರತೊಡಗಿದವು. ಅವರು ಪ್ರತಿ ಮುಖವನ್ನೂ ಅಷ್ಟೇ ಆಸೆಯಿಂದ ನೋಡುತ್ತಿದ್ದರು. ನನಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಕೊನೆಗೆ ನಿಲ್ಲಿಸಿ, "ಇನ್ನೊಂದು ಕಡೆ ಉಂಟು ಅಮ್ಮ, ನನಗೆ ನೆನಪಾಯಿತು. ಸ್ವಲ್ಪ ಹೊತ್ತು ಬೇಕು. ನೀವು ಹೋಗಿ ಚಾ ಕುಡಿದು, ಎಡೆಯ ಸಾಮಾನೆಲ್ಲ ತಕ್ಕೊಂಡು ಬನ್ನಿ" ಎಂದೆ. ಅವರು ಎದ್ದು ಹೋದರು.

ಒಬ್ಬಳೇ ಕೂತು ಆ ಫೋಟೋವನ್ನು ಪುನಃ ತೆರೆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹಾಗಿದ್ದ ಮೇಲೆ ನಾನು ಇವಳನ್ನು ಚಂದ ಮಾಡಿದ್ದು ಯಾರಿಗೆ? ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುವವರಿಗೆ. ಅವರು ಅದನ್ನು ಅಂದೇ ಮರೆತರು. ತಾಯಿ ಮಾತ್ರ ಅದನ್ನು ಗೋಡೆಗೆ ಹಾಕಿ, ಬೆಳಿಗ್ಗೆ ಕತ್ತಿ ಹಿಡಿದು ಹೊರಡುವಾಗಲೂ ಸಂಜೆ ದೀಪ ಇಡುವಾಗಲೂ ನೋಡುತ್ತ ಇದ್ದರು. ನೋಡಿ ನೋಡಿ ಹಸಿರು ಸೀರೆಯವಳು ಉಳಿದಳು, ಅವರು ಹೆತ್ತ ಮಗಳು ಹೋದಳು. ಇದು ಅವರೊಬ್ಬರ ಕಥೆಯಲ್ಲ. ನನ್ನ ಅಪ್ಪನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಬಂದದ್ದು ನಾನೇ ಕೋಟು ತೊಡಿಸಿದ ಅಪ್ಪ. ಅಪ್ಪ ಬದುಕಿನಲ್ಲಿ ಕೋಟು ಮುಟ್ಟಿದವರಲ್ಲ. ಅಂಗಡಿಯ ಬಾಗಿಲು ತೆರೆದೇ ಇತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ನಾನು ಬಾಯಿಗೆ ಶಾಲು ಒತ್ತಿಕೊಂಡು ಅತ್ತೆ.

ಹೇಳಿಬಿಡಬೇಕೆ ಎಂದು ಯೋಚಿಸಿದೆ. ಅಮ್ಮ, ನೀವು ಹೆತ್ತದ್ದು ಇವಳನ್ನು, ಸರಿ ನೋಡಿ ಎನ್ನಬೇಕೆ? ಹೇಳಿದರೆ ನಂಬುತ್ತಾರೆ. ನನ್ನನ್ನು ಅವರು ನಂಬದೆ ಇದ್ದದ್ದೇ ಇಲ್ಲ. ನಂಬಿದ ಮೇಲೆ ಮಗಳ ಗುರುತು ಸಿಗದ ತಾಯಿ ಎಂಬುದನ್ನೂ ಹೊತ್ತುಕೊಂಡು ಕಾಲನಿಯ ಗುಡ್ಡೆ ಹತ್ತಬೇಕು. ಹೇಳದಿದ್ದರೆ ಈ ಹುಡುಗಿಯನ್ನು ಗುರುತು ಹಿಡಿಯುವವಳು ಲೋಕದಲ್ಲಿ ನಾನೊಬ್ಬಳೇ ಆಗುತ್ತೇನೆ. ಎರಡೂ ಸರಿಯಲ್ಲ ಎಂದು ನನಗೆ ಗೊತ್ತಿತ್ತು.

'ಮೈ' ಫೋಲ್ಡರ್ ತೆರೆದು ಹಸಿರು ಸೀರೆಯನ್ನು ಹುಡುಕಿದೆ. ಅವಳ ತಲೆಯನ್ನು ಪುನಃ ಕತ್ತರಿಸಿದೆ. ಮೊಡವೆಗಳನ್ನು ಒಂದೊಂದಾಗಿ ಅಳಿಸಿದೆ. ಹಣೆಯ ಎಣ್ಣೆ ಒರೆಸಿದೆ, ಬಾಯಿ ಮುಚ್ಚಿಸಿದೆ, ಜುಮುಕಿ ತೊಡಿಸಿದೆ. ಕೊನೆಗೆ ಬಿಳಿ ಮಾಡಬೇಕಾಯಿತು. ಇಷ್ಟು ವರ್ಷ ಯೋಚಿಸದೆ ಮಾಡಿದ ಕೆಲಸ ಅದು. ಅಂದು ಮಾತ್ರ ಮೌಸಿನ ಮೇಲೆ ಕೈಯಿಟ್ಟು ತುಂಬ ಹೊತ್ತು ಕೂತೆ. ಸ್ವಲ್ಪವೇ ಮಾಡಿ ನಿಲ್ಲಿಸೋಣವೆಂದು ನೋಡಿದೆ. ಅಷ್ಟಕ್ಕೆ ಅವಳು ಹಳೆಯವಳಾಗಲಿಲ್ಲ. ಪೂರ್ತಿ ಮಾಡಿದೆ. ಹಳೆಯ ಫೋಟೋದಲ್ಲಿದ್ದ ಹಾಗೆ ತುಟಿ ಬರಲಿಲ್ಲ, ಈ ಸಲ ಚೂರು ತೆಳ್ಳಗಾಯಿತು. ಅದು ತಾಯಿಗೆ ಗೊತ್ತಾಗಿಬಿಟ್ಟರೆ ಎಂದು ಹೆದರಿಕೆಯಾಯಿತು. ಗೊತ್ತಾಗಲಿ ಎಂದೂ ಆಸೆಯಾಯಿತು.

ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡುವಾಗ ಅವರು ವಾಪಸು ಬಂದರು. ಬಿಸಿ ಆರುವ ಮೊದಲೇ ಕೈ ಚಾಚಿದರು. ಕೊಟ್ಟೆ.

"ಹಾಂ, ಇದೇ, ಇದೇ!" ಎಂದರು. ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡರು. ತಮಿಳಿನಲ್ಲಿ ಏನೋ ಹೇಳಿದರು, ಅದು ನನಗಲ್ಲ, ಫೋಟೋಕ್ಕೆ. ಇಷ್ಟು ಹೊತ್ತು ಬಾರದಿದ್ದ ಅಳು ಈಗ ಬಂತು. ತುಟಿಯ ವ್ಯತ್ಯಾಸ ಅವರಿಗೆ ಗೊತ್ತಾಗಲಿಲ್ಲ. ಸ್ವಲ್ಪ ಸಮಾಧಾನವಾದ ಮೇಲೆ ಮೂಗು ಒರೆಸಿಕೊಂಡು, ಪೇಪರಿನಲ್ಲಿ ಸುತ್ತಿ ಕೊಡಿ ಎಂದರು. ನಾನು ಸುತ್ತಿ ಕೊಟ್ಟೆ. ಮೆಟ್ಟಿಲು ಇಳಿದವರು ಪುನಃ ನಿಂತು ತಿರುಗಿದರು.

"ಆ ಇನ್ನೊಂದು ಮಗು ಉಂಟಲ್ಲ ಅಕ್ಕ, ಹೆದರಿ ಕೂತದ್ದು. ಅದು ಈಗ ಉಂಟಾ?"

"ಇಲ್ಲ ಅಮ್ಮ. ಹೋಯಿತು."

"ಅಯ್ಯೋ." ಒಂದು ಮೆಟ್ಟಿಲು ವಾಪಸು ಹತ್ತಿದರು. "ಅದರ ಅಮ್ಮ ಬರ್ಲಿಲ್ವಾ, ಫೋಟೋ ಕೇಳಿಕೊಂಡು?"

"ಬಂದಿದ್ರು" ಎಂದೆ.

"ಹಾಗಾದ್ರೆ ಅದನ್ನು ಜೋಪಾನ ಮಾಡಿ ಅಕ್ಕ. ಪುನಃ ಬಂದ್ರೆ ಇಲ್ಲ ಅನ್ಬೇಡಿ. ಪಾಪ, ಅವರಿಗೂ ಒಂದೇ ಮಗು ಇದ್ದದ್ದೋ ಏನೋ."

ಆಯಿತು ಅಮ್ಮ ಎಂದೆ. ಅವರು ಫೋಟೋವನ್ನು ಸೆರಗಿನೊಳಗೆ ಇಟ್ಟುಕೊಂಡು ಬಸ್ಸಿನ ಕಡೆಗೆ ನಡೆದರು.